ಮಗುವಿನ ಕಣ್ಣಿನ ಬಿಳುಪಿಗೆ ಗ್ರಹಣ ಕಾರಣವಲ್ಲ

ಪ್ರಶ್ನೆ: ನನ್ನ ಮಗಳಿಗೆ ಒಂದೂವರೆ ವರ್ಷ. ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಅವಳ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆಯುತ್ತಿತ್ತು. ಡಾಕ್ಟರಿಗೆ ತೋರಿಸಿದರೆ ರೆಟಿನೋಬ್ಲಾಸ್ಟೋಮಾ, ಕಣ್ಣಿನ ಕ್ಯಾನ್ಸರ್ ಎಂದರು. ಬಸುರಿಯಾಗಿದ್ದಾಗ ಗ್ರಹಣದ ದಿನ ನಾನು ಹೊರಗೆ ಓಡಾಡಿದ್ದೇ ಕಾರಣ ಅಂತ ಮನೆಯಲ್ಲಿ ಹೇಳುತ್ತಾರೆ. ಇಷ್ಟು ಚಿಕ್ಕ ಮಗುವಿಗೆ ಕ್ಯಾನ್ಸರ್ ಹೇಗೆ ಬಂತು? ಅವಳ ನಾಲ್ಕು ವರ್ಷದ ಅಣ್ಣನಿಗೂ ಬರುತ್ತದಾ?
– ಹೆಸರು ಬೇಡ

ಉತ್ತರ: ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲಮ್ಮ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ಈ ಉತ್ತರವನ್ನು ಮನೆಯವರಿಗೂ ಓದಿ ಹೇಳಿ.

ಒಂದು ಜೀವಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು. ಆ ಕೆಲಸ ಶುರುವಾಗುವ ಜಾಗದಲ್ಲಿ ಆರ್‌ಬಿ ಎಂಬ ಪ್ರೋಟೀನು ಕಾವಲು ಕೂತಿರುತ್ತದೆ. ನಕಲಿಗೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುವ ಇ2ಎಫ್ ಎಂಬ ಇನ್ನೊಂದು ಪ್ರೋಟೀನನ್ನು ಅದು ಬಿಗಿಯಾಗಿ ಹಿಡಿದಿರುತ್ತದೆ. ಹೊಸ ಕೋಶ ಬೇಕು ಎಂಬ ಸೂಚನೆ ಬಂದಾಗ ಸೈಕ್ಲಿನ್ ಡಿ ಎಂಬ ಪ್ರೋಟೀನು ಮತ್ತು ಅದರ ಜೊತೆಗಿರುವ ಕಿಣ್ವ ಸೇರಿ ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತವೆ, ಹಿಡಿತ ಸಡಿಲವಾಗುತ್ತದೆ, ಇ2ಎಫ್ ಬಿಡಿಸಿಕೊಳ್ಳುತ್ತದೆ, ಕೋಶ ಮುಂದಕ್ಕೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಕಾವಲು. ಆರ್‌ಬಿಯೇ ಇಲ್ಲದಿದ್ದರೆ? ಬೇಕಿರಲಿ ಬೇಡದಿರಲಿ, ಕೋಶ ಒಂದು ಎರಡಾಗುತ್ತಲೇ ಹೋಗುತ್ತದೆ. ನಿಮ್ಮ ಮಗಳ ರೆಟಿನಾದಲ್ಲಿ, ಅಂದರೆ ಕಣ್ಣಿನೊಳಗೆ ಹಿಂಭಾಗದಲ್ಲಿರುವ ಪರದೆಯಲ್ಲಿ, ಗಂಟು ಬೆಳೆದದ್ದು ಹೀಗೇ. ಫ್ಲ್ಯಾಶಿನ ಬೆಳಕು ಆ ಗಂಟಿಗೆ ತಾಗಿ ವಾಪಸ್ ಬಂದದ್ದೇ ಫೋಟೋದ ಬಿಳುಪು.

ಈ ಆರ್‌ಬಿ ಪ್ರೋಟೀನಿನ ಜೀನ್ 13ನೇ ಕ್ರೋಮೋಸೋಮಿನಲ್ಲಿದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡು ಪ್ರತಿ. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಒಂದೇ ಕೋಶದಲ್ಲಿ ಎರಡೂ ಕೆಟ್ಟರೆ ಮಾತ್ರ ತೊಂದರೆ. ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ನಡ್ಸನ್ 1971ರಲ್ಲಿ 48 ಕೇಸುಗಳ ಲೆಕ್ಕ ಹಾಕಿಯೇ ಇದನ್ನು ಹೇಳಿದರು, ಆಗ ಆ ಜೀನ್ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ! ಎರಡೂ ಕಣ್ಣಿಗೆ ಬಂದ ಮಕ್ಕಳಲ್ಲಿ ಒಂದು ಪ್ರತಿ ಹುಟ್ಟುವಾಗಲೇ ಕೆಟ್ಟಿರುತ್ತದೆ, ಅದಕ್ಕೇ ಅವರಿಗೆ ಕಾಯಿಲೆ ಬೇಗ ಕಾಣಿಸುತ್ತದೆ. ಒಂದೇ ಕಣ್ಣಿಗೆ ಬಂದವರಲ್ಲಿ ಜಾಸ್ತಿ ಜನಕ್ಕೆ ಎರಡೂ ಪ್ರತಿ ಆಮೇಲೆ, ಕಣ್ಣಿನ ಆ ಒಂದು ಕೋಶದಲ್ಲಿ ಮಾತ್ರ ಕೆಟ್ಟದ್ದು.

ಆದರೂ ಕೆಲವರಲ್ಲಿ ಹುಟ್ಟಿನಿಂದಲೇ ದೋಷ ಇರುತ್ತದೆ. ಅದು ಅಪ್ಪನಿಂದಲೋ ಅಮ್ಮನಿಂದಲೋ ಬಂದಿದ್ದರೆ ಅಣ್ಣನಲ್ಲೂ ಇರಬಹುದು. ಹಾಗಾಗಿ ಮಗಳ ರಕ್ತದ ಜೀನ್ ಪರೀಕ್ಷೆ ಮಾಡಿಸಿ. ರಿಪೋರ್ಟಿಗೆ ಕಾಯದೆ ಮಗನನ್ನೂ ಕರೆದುಕೊಂಡು ಹೋಗಿ, ಡ್ರಾಪ್ಸ್ ಹಾಕಿ ಪಾಪೆ ಅಗಲಿಸಿ ಒಳಗೆ ನೋಡಬೇಕು. ನೀವು ಗಂಡ ಹೆಂಡತಿ ಇಬ್ಬರೂ ಕಣ್ಣು ತೋರಿಸಿಕೊಳ್ಳಿ.

ಗಂಟು ಕಣ್ಣಿನೊಳಗೇ ಇರುವಾಗ ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ಮಕ್ಕಳು ಉಳಿಯುತ್ತಾರೆ. ಕಿಮೋ ಇದೆ, ಲೇಸರ್ ಇದೆ. ಕೆಲವೊಮ್ಮೆ ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾಗುತ್ತದೆ. ಆ ಮಾತು ಕೇಳಿ ಹೆದರಿ ಆಸ್ಪತ್ರೆ ಬಿಟ್ಟು ಹೋಗುವವರಿದ್ದಾರೆ, ದಯವಿಟ್ಟು ನೀವು ಹಾಗೆ ಮಾಡಬೇಡಿ. ಆ ಫೋಟೋ ಅಳಿಸಬೇಡಿ. ಹಳೆಯ ಫೋಟೋಗಳನ್ನೂ ತೆಗೆದು ನೋಡಿ, ಬಿಳುಪು ಮೊದಲು ಕಂಡದ್ದು ಯಾವಾಗ ಅಂತ ಡಾಕ್ಟರಿಗೆ ತೋರಿಸಿ.