ಕಚಿ-ಇರೊ ಡಯಲ್ ಕಪ್ಪಾಗಿ ಕಂಡರೆ

ನೀವು ಮಾಡಿಸುತ್ತಿರುವ ಕೈಗಡಿಯಾರದ ಕಚಿ-ಇರೊ (ಜಪಾನಿನ ಕಡು ನೀಲಿ ಬಣ್ಣ) ಡಯಲ್ ಮನೆಯೊಳಗೆ ಬರೀ ಕಪ್ಪಾಗಿ ಕಾಣುತ್ತದೆ ಅಂದಿರಿ. ಆ ಬಣ್ಣದ ಗುಣವೇ ಅದು: ಬಟ್ಟೆಯನ್ನು ಇಂಡಿಗೊದಲ್ಲಿ ಮತ್ತೆ ಮತ್ತೆ ಅದ್ದಿ ಕಪ್ಪಿನ ಅಂಚಿಗೆ ತಂದದ್ದು. (‘ಕಚಿ’ ಅಂದರೆ ಗೆಲುವು ಅಂತಲೂ ಆಗುವುದರಿಂದ ಸಮುರಾಯ್‌ಗಳಿಗೆ ಅಚ್ಚುಮೆಚ್ಚು.) ತಿಳಿ ಮಾಡಿಸಬೇಡಿ, ಮಾಮೂಲಿ ನೇವಿ ಬ್ಲೂ ಆಗಿಬಿಡುತ್ತದೆ. ಮ್ಯಾಟ್ ಪೇಂಟ್ ಬಿಟ್ಟು, ಹಿತ್ತಾಳೆ ತಟ್ಟೆಗೆ ನಡುವಿನಿಂದ ಸೂರ್ಯಕಿರಣದಂತೆ ಹರಡುವ ನವಿರಾದ ಸನ್‌ರೇ ಗೆರೆ ಉಜ್ಜಿಸಿ, ಮೇಲೆ ಪಾರದರ್ಶಕ ನೀಲಿ ಲ್ಯಾಕರ್ (ವಾರ್ನಿಷ್‌ನಂಥ ಲೇಪ) ಹಾಕಿಸಿ. ಬೆಳಕು ಲೋಹಕ್ಕೆ ತಾಗಿ ಪದರದೊಳಗಿಂದ ಮರಳುವಾಗ ನೀಲಿ ಏಳುತ್ತದೆ. ಮುಳ್ಳು ಬೆಳ್ಳಿ ಬಣ್ಣದ್ದಿರಲಿ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದ ನೀಲಿ ಉಕ್ಕಿನ ಮುಳ್ಳು ಚೆಂದವೇ, ಆದರೆ ಈ ಡಯಲ್ ಮೇಲೆ ಮರೆಯಾಗುತ್ತದೆ. ಲ್ಯೂಮ್ (ಕತ್ತಲಲ್ಲಿ ಹೊಳೆಯುವ ಲೇಪ) ಬೇಕಿದ್ದರೆ ಸಿ3 ಎಂಬ ಬಗೆ ಬೇಡ, ಹಗಲಲ್ಲೂ ಹಳದಿ-ಹಸಿರು ಛಾಯೆ ಕಾಣುತ್ತದೆ. ಬಿಜಿಡಬ್ಲ್ಯು9 ಎಂಬ ಬಗೆ ಹಗಲಲ್ಲಿ ಬಿಳಿ, ಕತ್ತಲಲ್ಲಿ ನೀಲಿ. ತಾರೀಕಿನ ಚಕ್ರ ಇಟ್ಟುಕೊಳ್ಳುವುದಾದರೆ ಅದಕ್ಕೂ ಗಾಢ ಬಣ್ಣ ಕೊಡಿಸಿ.