ಗೇಟಿನ ಆ್ಯಪ್‌ನಿಂದ ಗುಪ್ತಚರರ ಕಡತಕ್ಕೆ ಎಷ್ಟು ದೂರ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಬರುವ ಪ್ರತಿಯೊಬ್ಬರ ಫೋಟೊ, ಫೋನ್ ನಂಬರು ಗೇಟಿನ ಆ್ಯಪ್‌ಗೆ ಹೋಗುತ್ತದೆ. ಫಾಸ್ಟ್ಯಾಗ್, ಬ್ಯಾಂಕು, ರೈಲು ಟಿಕೆಟ್ ಬೇರೆ. ಇಂಥದ್ದನ್ನೆಲ್ಲ ಗುಪ್ತಚರ ಸಂಸ್ಥೆಗಳು ಸಗಟಾಗಿ ಪಡೆಯಲು ಕೋರ್ಟಿನ ಅನುಮತಿ ಬೇಡವೇ? ಬ್ರಿಟನ್ನಿನಲ್ಲಿ ಇದಕ್ಕೇ ಕಾನೂನಿದೆ ಎನ್ನುತ್ತಾನೆ ಲಂಡನ್ನಿನಲ್ಲಿರುವ ಮಗ.
– ಓದುಗರು, ಜಯನಗರ

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಆದರೆ ಒಬ್ಬರ ಮನೆ ಶೋಧಿಸುವುದು ಬೇರೆ, ಇಡೀ ಬೀದಿಯ ಬೀಗದ ಕೈ ಗೊಂಚಲನ್ನೇ ಇಟ್ಟುಕೊಳ್ಳುವುದು ಬೇರೆ. ನಮ್ಮ ಕಾನೂನಿಗೆ ಪರಿಚಯವಿರುವುದು ಮೊದಲನೆಯದು. ಫೋನ್ ಕದ್ದಾಲಿಕೆಗೆ ಸಾಮಾನ್ಯವಾಗಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಅದರ ಆಯುಸ್ಸು 60 ದಿನ, ಮುಂದುವರಿಸಿದರೂ ಒಟ್ಟು 180 ದಾಟುವಂತಿಲ್ಲ. ಈ ಕಟ್ಟುಪಾಡಿನ ಬೇರು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದ 1996ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ನ್ಯಾಯಾಧೀಶರು ಮಾತ್ರ ಇಲ್ಲೂ ಇಲ್ಲ. ಆದೇಶ ಕೊಡುವವರೂ ಅಧಿಕಾರಿಗಳು, ಅದನ್ನು ಪರಿಶೀಲಿಸುವವರೂ ಅಧಿಕಾರಿಗಳು.

ಗೊಂಚಲಿನ, ಅಂದರೆ ಸಗಟು ದತ್ತಾಂಶದ, ಕತೆ ಬ್ರಿಟನ್ನಿನಲ್ಲಿ ಬಯಲಾದದ್ದು 2015ರ ಮಾರ್ಚ್‌ನಲ್ಲಿ, ಸಂಸದೀಯ ಸಮಿತಿಯೊಂದರ ವರದಿಯಿಂದ. ಮರುವರ್ಷವೇ ಬಂದ ಕಾಯ್ದೆ ಇಂಥ ದತ್ತಾಂಶವನ್ನು ವಿವರಿಸುವ ಬಗೆ ನೋಡಿ: ಅದರಲ್ಲಿರುವ ಹೆಚ್ಚಿನವರು ಗುಪ್ತಚರರಿಗೆ ಬೇಕಾದವರಲ್ಲ, ಮುಂದೆ ಬೇಕಾಗುವ ಸಂಭವವೂ ಇಲ್ಲ. ನಿರಪರಾಧಿಗಳ ವಿವರವೇ ತುಂಬಿದೆ ಎಂದು ಕಾನೂನೇ ಬಾಯಿಬಿಟ್ಟು ಒಪ್ಪಿಕೊಂಡಂತಾಯಿತು. ಹಾಗಾಗಿ ಅದನ್ನು ಇಟ್ಟುಕೊಳ್ಳಲು ಮಂತ್ರಿಯ ವಾರಂಟ್ ಸಾಲದು, ನ್ಯಾಯಿಕ ಆಯುಕ್ತರೂ (ಉನ್ನತ ನ್ಯಾಯಾಧೀಶ ಹುದ್ದೆಯಲ್ಲಿರುವವರು ಅಥವಾ ಇದ್ದವರು) ಒಪ್ಪಬೇಕು. 2024ರ ತಿದ್ದುಪಡಿ ಇದನ್ನು ತುಸು ಸಡಿಲಿಸಿತು: ವಾರಂಟಿನ ಅವಧಿ 6 ತಿಂಗಳಿಂದ 12ಕ್ಕೆ ಏರಿತು, ಖಾಸಗಿತನದ ನಿರೀಕ್ಷೆ ಕಡಿಮೆ ಇರುವ ದತ್ತಾಂಶಕ್ಕೆ ಮಂತ್ರಿಯ ಸಹಿಯೂ ಬೇಡವಾಯಿತು. ನನಗೆ ಇದು ಜಾರುದಾರಿಯಾಗಿ ಕಾಣುತ್ತದೆ.

ನಮ್ಮಲ್ಲಿ? 2008ರ ಮುಂಬೈ ದಾಳಿಯ ನಂತರ ರೂಪುಗೊಂಡ ನ್ಯಾಟ್‌ಗ್ರಿಡ್, ಬೇರೆ ಬೇರೆ ಕಡೆಯ ದತ್ತಾಂಶವನ್ನು ತನಿಖಾ ಮತ್ತು ಗುಪ್ತಚರ ಸಂಸ್ಥೆಗಳಿಗೆ ಜೋಡಿಸುವ ವ್ಯವಸ್ಥೆ. ಅದಕ್ಕೆಂದೇ ಸಂಸತ್ತು ಮಾಡಿದ ಕಾಯ್ದೆ ಇಲ್ಲ. ಅದರ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣವೆಂದರೆ, ಅದಕ್ಕೆ ಆ ಕಾಯ್ದೆಯಿಂದ ವಿನಾಯಿತಿ ಇದೆ; ಭ್ರಷ್ಟಾಚಾರ ಅಥವಾ ಮಾನವ ಹಕ್ಕು ಉಲ್ಲಂಘನೆಯ ಆರೋಪವಿದ್ದರಷ್ಟೇ ಬಾಗಿಲು ಅರ್ಧ ತೆರೆಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಕೈಹಿಡಿಯುವುದಿಲ್ಲ. ದೇಶದ ಭದ್ರತೆಯ ಕಾರಣಕ್ಕೆ ಕೇಂದ್ರ ಅಧಿಸೂಚಿಸಿದ ಸಂಸ್ಥೆಗಳಿಗೆ 17ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ.

ಉಳಿದಿರುವ ಆಸರೆ ಸಂವಿಧಾನ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಈ ಹಕ್ಕಿಗೆ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯಯುತವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ನಿಮ್ಮ ಪ್ರಶ್ನೆ ಕೋರ್ಟಿಗೆ ಹೋದರೆ ವಾದ ನಡೆಯುವುದು ಮುಖ್ಯವಾಗಿ ಈ ಮೊದಲ ಮಾತಿನ ಮೇಲೆ, ಅಂದರೆ ಕಾನೂನಿನ ಆಧಾರ ಇದೆಯೇ ಎಂಬುದರ ಮೇಲೆ.

ಇನ್ನು ಗೇಟಿನ ಆ್ಯಪ್. ಅದರ ಕಂಪನಿಗೆ ದೇಶದ ಭದ್ರತೆಯ ಆ ವಿನಾಯಿತಿ ಇಲ್ಲ. 2023ರ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಗಡುವಿದೆ. ಅಲ್ಲಿಯವರೆಗೆ ಕಾಯಬೇಕಿಲ್ಲ. ಬಂದು ಹೋದವರ ಫೋಟೊ ಎಷ್ಟು ದಿನ ಉಳಿಯುತ್ತದೆ, ಅಳಿಸುವವರು ಯಾರು ಎಂದು ಅಸೋಸಿಯೇಷನ್ನಿನ ಮುಂದಿನ ಮೀಟಿಂಗಿನಲ್ಲೇ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.