50 ನೋಟ್‌ಬುಕ್ಕಿನ ಆರ್ಡರ್, ಎರಡೂವರೆ ತಿಂಗಳ ಮಗು

ತಂಗಿ, ಮೊದಲು ಬಾಣಂತಿಗೆ ಅಭಿನಂದನೆ. ದಿನಕ್ಕೆ ಬಿಡಿಬಿಡಿಯಾಗಿ ಒಂದೂವರೆ ಗಂಟೆ ಸಿಗುತ್ತೆ, ಮದುವೆ ಮನೆಯವರೊಬ್ಬರು ತಿಂಗಳೊಳಗೆ 50 ನೋಟ್‌ಬುಕ್ ಕಾಪ್ಟಿಕ್ ಹೊಲಿಗೆಯಲ್ಲಿ (ಮಡಿಸಿದ ಹಾಳೆಯ ಕಟ್ಟುಗಳನ್ನು ಸರಪಳಿಯ ಹಾಗೆ ಒಂದಕ್ಕೊಂದು ಸೇರಿಸಿ ಹೊಲಿಯೋದು) ಕೇಳಿದ್ದಾರೆ, ಒಪ್ಪಿಕೊಳ್ಳಲಾ ಅಂತ ಕೇಳಿದ್ದೀರಿ. ಜೊತೆಗೆ ಮಣಿಕಟ್ಟು ನೋವು, ಮಗುವಿನ ಬಟ್ಟೆ ಹೊಲಿಯೋ ಆಸೆ ಬೇರೆ. ನಾನು ಧಾರವಾಡದಲ್ಲಿ ಇದೇ ಎರಡು ಕೆಲಸ ಇಟ್ಟುಕೊಂಡು ಇಬ್ಬರನ್ನು ಸಾಕಿದವಳು. ಸ್ವಲ್ಪ ಉದ್ದ ಬರೀತೀನಿ, ಮಗು ಹಾಲು ಕುಡಿಯುವಾಗ ಓದಿಕೊಳ್ಳಿ.

ಲೆಕ್ಕ ಹಾಕೋಣ. ಎ5 ಅಳತೆಯ, 8 ಫಾರಂನ (ಒಟ್ಟಿಗೆ ಮಡಿಸಿದ ಹಾಳೆಗಳ ಒಂದು ಕಟ್ಟೇ ಫಾರಂ) ಕಾಪ್ಟಿಕ್ ಪುಸ್ತಕ ಅಂದ್ರೆ 32 ಎ4 ಹಾಳೆ, 128 ಪುಟ. ಮಡಿಸಿ, ತೂತು ಹೊಡೆದು, ರಟ್ಟಿಗೆ ಬಟ್ಟೆ ಅಂಟಿಸಿ, ಹೊಲಿದು ಮುಗಿಸಲು ನನ್ನ ಕೈಗೆ ಒಂದೂಕಾಲು ಗಂಟೆ ಬೇಕು, ಅದೂ ಯಾರೂ ಕರೆಯದಿದ್ದರೆ. 50ಕ್ಕೆ ಅರವತ್ತೆರಡೂವರೆ ಗಂಟೆ ಆಯ್ತು. ನಿಮ್ಮ ಹತ್ತಿರ ತಿಂಗಳಿಗೆ ಇರೋದು 45. ಅದರಲ್ಲೂ ಮಗುವಿಗೆ ಲಸಿಕೆ ಹಾಕಿಸಿದ ದಿನ, ನೆಂಟರು ಬಂದ ದಿನ ಕಳೆಯಿರಿ. ಹಾಗಾಗಿ ಈ ಆರ್ಡರ್ ಇದೇ ರೂಪದಲ್ಲಿ ಬೇಡ. ಆದರೆ ಪೂರ್ತಿ ಬಿಡಬೇಕಾಗಿಯೂ ಇಲ್ಲ.

ನಾನು ಕಲಿತದ್ದು ಇಷ್ಟು: ಮಗು ಅತ್ತರೆ ಸೂಜಿ ಕಾಯುತ್ತೆ, ಅಂಟು ಕಾಯಲ್ಲ. ದೊಡ್ಡವಳು ಮೂರು ತಿಂಗಳಿದ್ದಾಗ ಒಂದು ಮಧ್ಯಾಹ್ನ ಆರು ರಟ್ಟಿಗೆ ಫೆವಿಕಾಲ್ ಸವರಿ ಗುಳೇದಗುಡ್ಡದ ಖಣ ಅಂಟಿಸುತ್ತಿದ್ದೆ. ನಾಲ್ಕನೆಯದಕ್ಕೆ ಬಂದಾಗ ಎದ್ದಳು. ಹಾಲು ಕುಡಿಸಿ, ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಿ, ಮಲಗಿಸಿ ಬರೋ ಹೊತ್ತಿಗೆ ಒಂದು ಗಂಟೆ. ಸವರಿಟ್ಟಿದ್ದ ಅಂಟು ಕೆನೆ ಕಟ್ಟಿತ್ತು. ಅಂಟಿಸಿದ ಮೂರೂ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಅಂಟು ಒಣಗುವಾಗ ಎಳೆಯುತ್ತೆ. ಒಳಬದಿಗೂ ಬೇಗ ಕಾಗದ ಅಂಟಿಸಿ ಭಾರ ಹೇರದಿದ್ದರೆ ರಟ್ಟು ಬಟ್ಟೆ ಇರೋ ಕಡೆಗೇ ಬಾಗುತ್ತೆ. ಮೇಲಿಂದ ಖಣದ ನೇಯ್ಗೆಯಿಂದ ಅಂಟು ಜಿನುಗಿ ಕಲೆ ಬೇರೆ. ಬಟ್ಟೆಯ ಹಿಂದೆ ಮೊದಲೇ ತೆಳು ಕಾಗದ ಅಂಟಿಸಿಕೊಂಡಿದ್ದರೆ ಕಲೆಯಾದರೂ ಆಗುತ್ತಿರಲಿಲ್ಲ. ಆ ಖಣ ನಮ್ಮಮ್ಮ ಕೊಟ್ಟದ್ದು, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಅದಕ್ಕೇ ಮದುವೆಯವರಿಗೆ ಹೀಗೆ ಹೇಳಿ ನೋಡಿ: ಒಂದೇ ಫಾರಂನ, ಮೂರು ತೂತಿನ ಪ್ಯಾಂಫ್ಲೆಟ್ ಹೊಲಿಗೆಯ ಪುಸ್ತಕ. 8 ಎ4 ಹಾಳೆ ಒಟ್ಟಿಗೆ ಮಡಿಸಿದರೆ 32 ಪುಟ. 50 ಪುಸ್ತಕಕ್ಕೆ 400 ಹಾಳೆ, ಒಂದು ರೀಮಿನಲ್ಲಿ ಮುಗಿದು 100 ಹಾಳೆ ಉಳಿಯುತ್ತೆ. ನಡುವಿನ ತೂತಿನಲ್ಲಿ ಒಳಗಿಂದ ಹೊರಗೆ ಬನ್ನಿ, ಮೇಲಿನದರಲ್ಲಿ ಒಳಗೆ ಹೋಗಿ, ನಡುವಿನದನ್ನು ದಾಟಿ ಕೆಳಗಿನದರಲ್ಲಿ ಹೊರಗೆ, ಮತ್ತೆ ನಡುವಿನದರಲ್ಲಿ ಒಳಗೆ. ಎರಡು ತುದಿಗಳು ಒಳಗಿನ ಉದ್ದ ಎಳೆಯ ಆಚೆಗೊಂದು ಈಚೆಗೊಂದು ಇರಬೇಕು, ಆಮೇಲೆ ಗಂಟು. ಐದು ನಿಮಿಷದ ಕೆಲಸ.

ಹೊದಿಕೆಗೆ ರಟ್ಟು ಬೇಡ, 300 ಜಿಎಸ್‌ಎಂ ಕಾರ್ಡ್ ಶೀಟು ಸಾಕು. ಅದರ ಮೇಲೆ ಖಣದ ಪಟ್ಟಿ ಇಟ್ಟು ಅಂಚು ಒಳಗೆ ಮಡಚಿ ಮಶೀನಿನಲ್ಲೇ ಹೊಲಿದುಬಿಡಿ. ಹೊಲಿಗೆ ಉದ್ದ 4ಕ್ಕೆ ಇಡಿ. ಒತ್ತಾಗಿ ಹಾಕಿದರೆ ತೂತಿನ ಸಾಲಿಗೇ ಕಾರ್ಡು ಹರಿಯುತ್ತೆ. ಕಾಗದ ಹೊಲಿದ ಸೂಜಿ ಮೊಂಡಾಗುತ್ತೆ, ಅದನ್ನು ಬೇರೆ ಇಡಿ, ಬಟ್ಟೆಗೆ ಬಳಸಬೇಡಿ. ಎಲ್ಲ ಸೇರಿ ಒಂದಕ್ಕೆ 20 ನಿಮಿಷ ಅಂದ್ರೂ 50ಕ್ಕೆ ಹದಿನೇಳು ಗಂಟೆಯೊಳಗೆ ಮುಗಿಯುತ್ತೆ. ಅಂಟಿನ ಡಬ್ಬಿ ತೆಗೆಯೋದೇ ಬೇಡ.

ಅವರು ಕಾಪ್ಟಿಕ್ಕೇ ಬೇಕು ಅಂದರೆ 10 ಒಪ್ಪಿಕೊಳ್ಳಿ, ಜಾಸ್ತಿ ಬೇಡ. ಹೊಲಿಯುವಾಗ ಮಗು ಎದ್ದರೆ ಫಾರಂ ನಡುವೆ ಬಿಟ್ಟು ಏಳಬೇಡಿ, ದಾರ ಸಡಿಲಾಗುತ್ತೆ. ಆ ಸಾಲಿನ ಕೊನೆಯಲ್ಲಿ ಹಿಂದಿನ ಫಾರಂಗೆ ಸಿಕ್ಕಿಸೋ ಕೆಟಲ್ ಗಂಟು ಹಾಕಿ ಏಳಿ, ಅರ್ಧ ನಿಮಿಷ ಅತ್ತರೆ ಏನೂ ಆಗಲ್ಲ. 'ಐದು ಆಯ್ತು' ಅಂತ ಚೀಟಿ ಸಿಕ್ಕಿಸಿಡಿ. ನಿದ್ದೆಗೆಟ್ಟ ತಲೆಗೆ ಎಷ್ಟಾಯ್ತು ಅಂತ ನೆನಪಿರಲ್ಲ. ದಾರವನ್ನು ಪುಸ್ತಕದ ಉದ್ದಕ್ಕೆ ಫಾರಂ ಸಂಖ್ಯೆಯಷ್ಟು ಸಲ ಅಳೆದು, ಮೇಲೊಂದು ಉದ್ದ ಸೇರಿಸಿ ಕತ್ತರಿಸಿದರೆ ಸಾಕು. 8 ಫಾರಂಗೆ ಸುಮಾರು 190 ಸೆಂಟಿಮೀಟರ್.

ಮಡಿಸೋ ಕೆಲಸ ನೀವು ಮಾಡಲೇಬೇಡಿ. ನಮ್ಮತ್ತೆ ಸಂಜೆ ಒಂದು ಧಾರಾವಾಹಿ ಮುಗಿಯೋದರೊಳಗೆ 20 ಫಾರಂ ಮಡಿಸಿ, ಚಮಚದ ಬೆನ್ನಿನಿಂದ ತೀಡಿ ಇಡುತ್ತಿದ್ದರು. 'ಬಾಣಂತಿ ಸೂಜಿ ಹಿಡಿದರೆ ಕಣ್ಣು ಹೋಗುತ್ತೆ' ಅಂತ ಬೈಯುತ್ತಿದ್ದವರೂ ಅವರೇ. ಕಣ್ಣಿನ ಮಾತು ನಾನು ನಂಬಲ್ಲ, ಆದರೆ ಮೊದಲ ತಿಂಗಳು ನಿದ್ದೆ ಬಿಟ್ಟು ಹೊಲಿದದ್ದು ತಪ್ಪೇ. ಕಂಪನಿಯಲ್ಲಿರೋ ಹೆಣ್ಣುಮಕ್ಕಳಿಗೆ ಮೊದಲೆರಡು ಹೆರಿಗೆಗೆ 26 ವಾರ ಸಂಬಳದ ರಜೆ ಅಂತ 2017ರಿಂದ ಕಾನೂನಿದೆ. ನಮ್ಮಂಥವರಿಗೆ ರಜೆ ಕೊಡೋರು ಯಾರು, ನಾವೇ ತಗೋಬೇಕು ಅಲ್ವಾ?

ಮಣಿಕಟ್ಟಿನ ವಿಷಯ. ನೋವು ಹೆಬ್ಬೆರಳಿನ ಬುಡದಲ್ಲಿದೆಯಾ? ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಕೈಯನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ಬಗ್ಗಿಸಿ ನೋಡಿ. ಅಲ್ಲಿ ಚುರುಕ್ ಅಂದರೆ ಮೂಳೆ ಡಾಕ್ಟರಿಗೆ ತೋರಿಸಿ. ಡಿ ಕ್ವೆರ್ವೇನ್ ಅನ್ನೋ ತೊಂದರೆ ಎಳೆ ಬಾಣಂತಿಯರಲ್ಲಿ ತುಂಬಾ ಸಾಮಾನ್ಯ. ಕಂಕುಳಲ್ಲಿ ಹೆಬ್ಬೆರಳು ಕೊಟ್ಟು ಮಗುವನ್ನು ಎತ್ತಿ ಎತ್ತಿ ಅಲ್ಲಿನ ನರದಂಥ ಪಟ್ಟಿಗಳು ನೊಂದಿರುತ್ತವೆ, ಅದರ ಮೇಲೆ ನಾವು ದಬ್ಬಣ ಒತ್ತುತ್ತೇವೆ. ಮಗುವಿನ ಕೆಳಗೆ ಅಂಗೈ ಹಾಕಿ ಬಾಚಿ ಎತ್ತಿ. ನೋವು ಇಳಿಯೋವರೆಗೆ ತೂತು ಹೊಡೆಯೋ ಕೆಲಸ ಯಜಮಾನರಿಗೆ ಕೊಡಿ. ನಾಲ್ಕು ಹಾಳೆಯ ಫಾರಂ, ಕೆಳಗೊಂದು ದಪ್ಪ ಹಳೇ ಪುಸ್ತಕ ಬಿಡಿಸಿಟ್ಟುಕೊಂಡರೆ ಯಾರಿಗೂ ಕಷ್ಟವಿಲ್ಲ.

ಇನ್ನೊಂದು, ಇದನ್ನು ಮಾತ್ರ ಮರೀಬೇಡಿ. ಹಳೇ ಬೈಂಡಿಂಗ್ ಅಂಗಡಿಯವರ ಹಾಗೆ ಮೈದಾ ಅಂಟಿಗೆ ಮೈಲುತುತ್ತ ಹಾಕೋ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಹುಳ ಬರಲ್ಲ ನಿಜ, ಆದರೆ ಅದು ವಿಷ. ಬರೀ ಮೈದಾ ಕುದಿಸಿ, ಬೇಕಾದಷ್ಟೇ ಮಾಡಿ, ಉಳಿದದ್ದನ್ನು ಹೆಸರು ಬರೆದು ಫ್ರಿಜ್ಜಿನಲ್ಲಿಡಿ. ಹುಳಿ ವಾಸನೆ ಬಂದರೆ ಚೆಲ್ಲಿ.

ಸೂಜಿ ಲೆಕ್ಕವೂ ಅಷ್ಟೇ. ಒಂದು ಡಬ್ಬಿ, ಐದು ಸೂಜಿ, ಏಳುವ ಮುಂಚೆ ಐದೂ ಎಣಿಸೋದು. ನನ್ನದೊಂದು ಕಳೆದುಹೋಗಿ, ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ಮನೆಯೆಲ್ಲ ಸವರಿದ್ದೆ. ಸಿಕ್ಕಿದ್ದು ಮಗು ಮಲಗೋ ಕೌದಿಯಲ್ಲಿ.

ಬಟ್ಟೆ ಹೊಲಿಯೋದು ಸುಲಭ, ನಡುವೆ ಎದ್ದರೂ ಏನೂ ಕೆಡಲ್ಲ. ಒಂದು ದಿನ ಬರೀ ಕತ್ತರಿಸಿ, ಗುಂಡುಪಿನ್ನಿನ ಬದಲು ಬಟ್ಟೆ ಒಣಹಾಕೋ ಕ್ಲಿಪ್ಪು ಹಾಕಿಡಿ. ಇನ್ನೊಂದು ದಿನ ನೇರ ಹೊಲಿಗೆ ಎಲ್ಲ ಒಟ್ಟಿಗೆ. ಹಳೇ ಕಾಟನ್ ಸೀರೆಯಷ್ಟು ಮೆತ್ತಗಿನದು ಅಂಗಡಿಯಲ್ಲಿ ಸಿಗಲ್ಲ. ಹೊಲಿಗೆಯ ಅಂಚು ಹೊರಗೆ ಬರಲಿ, ಒಳಗಿದ್ದರೆ ಒತ್ತುತ್ತೆ. ಗುಂಡಿ, ಮಣಿ ಬೇಡ. ಕುಂಚಿಗೆ ಹೊಲಿಯಿರಿ, ಫೋಟೋ ತೆಗೀರಿ, ಆದರೆ ಮಲಗಿಸುವಾಗ ದಾರ ಬಿಚ್ಚಿ ತೆಗೆದಿಡಿ. ಮಶೀನ್ ಸದ್ದಿಗೆ ಹೆದರಬೇಡಿ. ನನ್ನ ಚಿಕ್ಕವನು ಕಾಲು ಮಶೀನಿನ ಕಟಕಟಕ್ಕೇ ಮಲಗುತ್ತಿದ್ದ, ನಿಲ್ಲಿಸಿದರೆ ಏಳುತ್ತಿದ್ದ.

ಮದುವೆಯವರಿಗೆ ಇವತ್ತೇ ಫೋನ್ ಮಾಡಿ, ತಡ ಮಾಡಿದರೆ ಅವರಿಗೂ ಕಷ್ಟ. ಪ್ಯಾಂಫ್ಲೆಟ್ ಹೊಲಿಗೆಗೆ ಒಪ್ಪಿದರೆ ಹೇಳಿ, ನನ್ನ ಹತ್ತಿರ ಪಟ್ಟಿಗೆ ಆಗುವಂಥ ಖಣದ ತುಂಡುಗಳು ಒಂದು ಚೀಲ ಇವೆ, ಕಳಿಸಿಕೊಡ್ತೀನಿ.